ನ್ಯಾಯಾಧೀಶರು ಏನೂ ನೋಡಿಲ್ಲವೆಂದು ನಾನು ಹೇಳಿದ್ದು

ನಾಲ್ಕನೆಯ ಪುಟ ಟೈಪ್ ಮಾಡುವಾಗ ನಾನೊಂದು ಸಾಲು ಬಿಟ್ಟಿದ್ದೆ. ಅದನ್ನು ಕಂಡ ನ್ಯಾಯಾಧೀಶರು ವರಾಂಡದಿಂದ ಕೈ ಎತ್ತಿ ಕರೆದರು. ನಾನು ಹೊಸ ಸ್ಲ್ಯಾಬಿನ ಕೆಳಗಿನಿಂದ ಹೊರಬಂದು, ಅಂಗಳ ದಾಟಿ, ಅವರ ಮೇಜಿನ ಹತ್ತಿರ ಹೋಗಿ ನಿಂತೆ. ಅವರು ಪೆನ್ಸಿಲ್ಲಿನಿಂದ ಜಾಗ ತೋರಿಸುತ್ತಿದ್ದಾಗ ಬೆನ್ನ ಹಿಂದೆ ಸ್ಲ್ಯಾಬು ಕುಸಿಯಿತು. ಇಷ್ಟು ವರ್ಷಗಳಾದ ಮೇಲೂ ನಾನು ಕನಸಿನಲ್ಲಿ ಆ ಅಂಗಳವನ್ನು ದಾಟುತ್ತಲೇ ಇರುತ್ತೇನೆ. ಕೆಲವು ಸಲ ಚಪ್ಪಲಿ ಸಿಕ್ಕಿಕೊಂಡು ತಡವಾಗುತ್ತದೆ. ಕೆಲವು ಸಲ ಅವರು ಕರೆಯುವುದೇ ಇಲ್ಲ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಬಿ.ಎ. ಮಾಡಿ, ಇಂಗ್ಲಿಷ್ ಟೈಪಿಂಗ್ ಕಲಿತು, ಊರಲ್ಲಿ ಕೆಲಸ ಸಿಗದೆ ಗೋವಾದ ಕಲಂಗುಟ್‌ನ ಒಂದು ಗೆಸ್ಟ್‌ಹೌಸಿನಲ್ಲಿ ಸೇರಿಕೊಂಡಿದ್ದೆ. ಮಾಲೀಕರನ್ನು ಎಲ್ಲರೂ ಪಾತ್ರಾಂವ್ ಎನ್ನುತ್ತಿದ್ದರು. ಅವರಿಗೆ ಕೊಂಕಣಿ, ಇಂಗ್ಲಿಷು ಬರುತ್ತಿದ್ದವು. ಹಿತ್ತಿಲಲ್ಲಿ ಹೊಸ ಕೋಣೆಗಳನ್ನು ಕಟ್ಟುತ್ತಿದ್ದ ಆಳುಗಳೆಲ್ಲ ವಿಜಾಪುರದ ಕಡೆಯವರು. ಮಾಲೀಕರ ಮಾತನ್ನು ಆಳುಗಳಿಗೆ, ಆಳುಗಳ ಮಾತನ್ನು ಮಾಲೀಕರಿಗೆ ಮುಟ್ಟಿಸುವುದೂ ನನ್ನ ಕೆಲಸದಲ್ಲಿ ಸೇರಿತ್ತು.

ನ್ಯಾಯಾಧೀಶರು ಅರವತ್ತು ದಾಟಿದ ಜರ್ಮನ್. ಪ್ರತಿ ಚಳಿಗಾಲಕ್ಕೆ ಬಂದು ಎರಡು ತಿಂಗಳು ಇರುತ್ತಿದ್ದರು. ತಮ್ಮ ದೇಶದ ಸಂವಿಧಾನ ನ್ಯಾಯಾಲಯದಲ್ಲಿ ಹನ್ನೆರಡು ವರ್ಷ ಕೂತು ನಿವೃತ್ತರಾದವರು. ಅದಕ್ಕೂ ಮೊದಲು ಕಾನೂನಿನ ಪ್ರೊಫೆಸರು. ಆ ವರ್ಷ ಪಣಜಿಯ ಕಾನೂನು ವಿದ್ಯಾರ್ಥಿಗಳಿಗೆ ತಮ್ಮ ವೃತ್ತಿಜೀವನದ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದರು. ದಿನಾ ಬೆಳಿಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದನ್ನು ನಾನು ಟೈಪ್ ಮಾಡುತ್ತಿದ್ದೆ. ಹಾಗೆ ಅವರ ಬದುಕು ಹಾಳೆಹಾಳೆಯಾಗಿ ನನ್ನ ಬೆರಳ ತುದಿಯಿಂದ ಹೋಯಿತು.

ಮಹಾಯುದ್ಧ ಮುಗಿದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯುದ್ಧಕೈದಿಗಳ ಸೆರೆಶಿಬಿರದಿಂದ ಮನೆಗೆ ಬಂದ ಸೈನಿಕ. ಕಾನೂನು ಓದಲು ಹೋದರೆ ತರಗತಿಯ ಕಿಟಕಿಗಳಿಗೆ ಗಾಜಿಲ್ಲ. ಒಲೆ ಹೊತ್ತಿಸಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಿಂದ ಒಂದೊಂದು ತುಂಡು ಕಲ್ಲಿದ್ದಲು ತರಬೇಕಾಗಿತ್ತು. ಅಲ್ಲಿ ಒಬ್ಬ ಗುರುಗಳು. ಬಹಳ ಚೆನ್ನಾಗಿ ಪಾಠ ಹೇಳುತ್ತಿದ್ದರು. ನಾಲ್ಕು ವರ್ಷ ಇವರು ಅವರ ಪುಸ್ತಕ ಹೊತ್ತರು, ಕರಡು ತಿದ್ದಿದರು. ಆ ಗುರುಗಳು ಹಿಂದಿನ ಸರ್ಕಾರದ ಕಾಲದಲ್ಲಿ ನ್ಯಾಯಾಧೀಶರಾಗಿ ಕೂತು, ಆರೋಪಿಗಳಿಗೆ ಬಾಯಿ ತೆರೆಯಲೂ ಬಿಡದೆ ಗಲ್ಲಿಗೆ ಕಳಿಸಿದವರು ಎಂದು ಇವರಿಗೆ ಗೊತ್ತಿತ್ತು. ‘ಅದರ ಬಗ್ಗೆ ಅವರನ್ನು ನಾನು ಒಂದು ದಿನವೂ ಕೇಳಲಿಲ್ಲ’ ಎಂದು ಬರೆದಿದ್ದರು. ನಾನು ಬಿಟ್ಟದ್ದು ಅದರ ಮುಂದಿನ ಸಾಲು: ‘ಕೇಳಿದ್ದರೆ ನನಗೆ ಕೆಲಸ ಸಿಗುತ್ತಿರಲಿಲ್ಲ.’

ಮುಂದೆ ಅವರು ಹಿಡಿದ ವಿಷಯವೇ ಅದು. ಕೋರ್ಟಿನ ಎದುರು ನಿಂತ ಯಾವನಿಗೇ ಆಗಲಿ, ತನ್ನ ಮಾತು ಹೇಳುವ ಹಕ್ಕು. ಅದರ ಮೇಲೆ ಪುಸ್ತಕ ಬರೆದರು, ಪಾಠ ಮಾಡಿದರು, ಸಂಸತ್ತಿನವರು ಅವರನ್ನು ನ್ಯಾಯಾಲಯಕ್ಕೆ ಆರಿಸಿದರು. ಕೆಂಪು ನಿಲುವಂಗಿ ಹಾಕಿದ ಮೊದಲ ದಿನ ಹೆಂಡತಿ, ‘ನಮ್ಮ ಸೋಫಾದ ಬಟ್ಟೆ ಎಲ್ಲಿ ಹೋಯಿತು ಅಂತ ಈಗ ತಿಳಿಯಿತು’ ಎಂದಳಂತೆ. ಒಂದು ಸಲ ಹೊರದೇಶದ ಕಾರ್ಖಾನೆ ಕೆಲಸಗಾರನೊಬ್ಬನಿಗೆ ಅವನಿಗೆ ಓದಲು ಬಾರದ ಭಾಷೆಯಲ್ಲಿ ಕೋರ್ಟಿನ ಆದೇಶ ಹೋಗಿತ್ತು. ಅವನು ಸುಮ್ಮನಿದ್ದ, ಗಡುವು ಮೀರಿತು. ಅವನ ಮಾತು ಕೇಳಲೇಬೇಕು ಎಂದು ಇವರು ಬರೆದರು, ಜೊತೆಗಾರರು ಒಪ್ಪಲಿಲ್ಲ. ಎಂಟು ಜನರಲ್ಲಿ ಒಬ್ಬರೇ ಉಳಿದರು. ಆ ಒಂಟಿ ಅಭಿಪ್ರಾಯವೇ ತಮ್ಮ ವೃತ್ತಿಯಲ್ಲಿ ತಾವು ಮಾಡಿದ ಒಳ್ಳೆಯ ಕೆಲಸ ಎಂದು ಬರೆದಿದ್ದರು. ಇದೆಲ್ಲವನ್ನೂ ನಾನು ಎರಡೆರಡು ಪ್ರತಿ ಟೈಪ್ ಮಾಡಿದ್ದೆ.

ಹೊಸ ಕೋಣೆಗಳ ಸ್ಲ್ಯಾಬು ಹಾಕಿ ಹತ್ತು ದಿನವಾಗಿತ್ತು. ಕೆಳಗಿನ ಆಧಾರದ ಕಂಬಗಳನ್ನು ಮೂರು ವಾರ ಮುಟ್ಟಬಾರದು ಎಂದು ಮೇಸ್ತ್ರಿ ಹೇಳಿದ್ದ. ಮಾಲೀಕರು ಕ್ರಿಸ್‌ಮಸ್ಸಿಗೆ ಆ ಕೋಣೆಗಳನ್ನು ಅತಿಥಿಗಳಿಗೆ ಕೊಡುವುದಾಗಿ ಒಪ್ಪಿಕೊಂಡುಬಿಟ್ಟಿದ್ದರು. ಕಿಟಕಿಯಿಂದ ನನ್ನನ್ನು ಕೂಗಿ, ಇವತ್ತೇ ಕಂಬ ತೆಗೆಸು ಎಂದರು. ನಾನು ಹೋಗಿ ಮೇಸ್ತ್ರಿಯೊಬ್ಬನನ್ನೇ ಅಂಗಳಕ್ಕೆ ಕರೆದು ಹೇಳಿದೆ.

“ಹತ್ತ ದಿನ ಆಗೈತ್ರಿ ಸರ. ಇನ್ನೂ ಹಸೀ ಐತಿ.”

“ಯಾಕ, ಅಂಜಿಕಿ ಬಂತೇನು?”

“ಸ್ಲ್ಯಾಬಿಗೆ ಅಂಜಿಕಿ ಇರೂದಿಲ್ರಿ. ಅದಕ್ಕ ನಾವ ಅಂಜಬೇಕು.” ನಕ್ಕ. ಆಮೇಲೆ, “ಪಾತ್ರಾಂವ್ ಖರೇನ ಹೇಳ್ಯಾರೇನ್ರಿ?” ಎಂದ.

ನಾನು ಮೊದಲು ಆ ಕಿಟಕಿಗೆ, ಆಮೇಲೆ ಕಂಬಗಳಿಗೆ ಕೈ ಮಾಡಿ ತೋರಿಸಿದೆ. “ನಾ ಹೇಳಾಕತ್ತೇನಲ್ಲ. ಮತ್ತೇನು ಬೇಕು?”

“ಆತು ಬಿಡ್ರಿ. ಬಿ.ಎ. ಕಲಿತವ್ರು ಹೇಳಿದ ಮ್ಯಾಲೆ ಮುಗೀತು.”

ಅವನದೊಂದು ಪದ್ಧತಿಯಿತ್ತು. ಕಂಬ ತೆಗೆಯುವ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಮೊದಲ ಕಂಬವನ್ನು ತಾನೇ ಒಬ್ಬನೇ ನಿಂತು ಬಡಿಯುತ್ತಿದ್ದ. ಸ್ಲ್ಯಾಬು ತನ್ನ ತಲೆಯ ಮೇಲೆ ಬೀಳದೆ ನಿಂತರೆ ಮಾತ್ರ ಉಳಿದವರು ಒಳಗೆ ಬರಬೇಕು. ಆ ದಿನವೂ ಹಾಗೇ ಮಾಡಿದ. ಸ್ಲ್ಯಾಬು ನಿಂತಿತು. ಎಂಟು ಹತ್ತು ಕಂಬ ಕಳಚಿ ಬಂದವು. ಅಪಾಯವೇನಿಲ್ಲ ಎಂದು ತೋರಿಸಲು ನಾನೂ ಒಳಗೆ ಹೋಗಿ ಅವಸರ ಮಾಡುತ್ತ ನಿಂತೆ. ನನ್ನ ಪಕ್ಕದಲ್ಲಿ ಮೇಸ್ತ್ರಿಯ ಹೆಂಡತಿಯ ತಂಗಿ ಹಲಗೆಗಳನ್ನು ಆರಿಸಿ ಒಟ್ಟುತ್ತಿದ್ದಳು. ನ್ಯಾಯಾಧೀಶರು ಕರೆದದ್ದು ಆಗ. ನಾನು ಬಂದೆ. ಅವಳು ಬರಲಿಲ್ಲ.

ಧೂಳು ಇಳಿದ ಮೇಲೆ ಅವಳನ್ನು ಹೊರತೆಗೆದರು. ಜೀವ ಹೋಗಿತ್ತು. ಸಂಜೆಗೆ ಪೊಲೀಸರು ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಮಡ್ಕಯಿಯಲ್ಲಿ ಬೇರೆ ಕೆಲಸ ಹಿಡಿದಿದ್ದನಂತೆ, ಅಲ್ಲಿಗೆ ಹೋಗುವ ಆತುರಕ್ಕೆ ಯಾರನ್ನೂ ಕೇಳದೆ ಕಂಬ ತೆಗೆದನಂತೆ, ಇದು ಮಾಲೀಕರ ಹೇಳಿಕೆ. ಮೊದಲ ಕಂಬ ಬಡಿದವನು ಅವನೇ ಎಂದು ಅವನ ಆಳುಗಳೇ ಹೇಳಿದರು, ಅದು ನಿಜವೂ ಆಗಿತ್ತು. ಕಂಬ ತೆಗೆಯಲು ಯಾರು ಹೇಳಿದರೆಂದು ನನ್ನನ್ನು ಕೇಳಿದಾಗ, ಆಗ ಆಫೀಸಿನಲ್ಲಿದ್ದೆ, ಗೊತ್ತಿಲ್ಲ ಎಂದೆ. ಬರೆದುಕೊಂಡರು. ಸಹಿ ಮಾಡಿದೆ.

ತಂಗಿಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಹಿಂದಿನ ಗೇಟಿಗೆ ಬಂದಳು.

“ಅಣ್ಣಾರ, ಆ ಜಡ್ಜ್ ಸಾಹೇಬ್ರು ವರಾಂಡದಾಗ ಕುಂತಿದ್ರು. ಎಲ್ಲಾ ನೋಡಿರ್ತಾರ. ದೊಡ್ಡವ್ರು ಅವರು, ಒಂದ ಮಾತ ಹೇಳಿದ್ರ ಪೊಲೀಸ್ರು ಕೇಳ್ತಾರ. ನನಗ ಅವರ ಭಾಷಾ ಬರೂದಿಲ್ಲ. ನೀವ ಕೇಳಿ ಕೊಡ್ರಿ.”

“ಇಲ್ಲೇ ನಿಂದ್ರು,” ಎಂದು ಒಳಗೆ ಹೋದೆ.

ನಾನು ಕೇಳಬೇಕಾಗಿಯೇ ಬರಲಿಲ್ಲ. ಅವರೇ ಶುರು ಮಾಡಿದರು. ನೀವು ಕಿಟಕಿ ತೋರಿಸಿದ್ದನ್ನು, ಆಮೇಲೆ ಕಂಬ ತೋರಿಸಿದ್ದನ್ನು ನೋಡಿದೆ. ಆತ ಬೇಡವೆಂದು ತಲೆ ಅಲ್ಲಾಡಿಸಿದ್ದನ್ನೂ ನೋಡಿದೆ. ಅದನ್ನು ಪೊಲೀಸರಿಗೆ ಹೇಳಬೇಕು, ನೀವು ಜೊತೆಗೆ ಬಂದು ಅನುವಾದಿಸಿ ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಆಪಾದನೆ ಇರಲಿಲ್ಲ. ಅವರು ನೋಡಿದ್ದನ್ನು ಹೇಳಿದರೆ ಮಾಲೀಕರ ಜೊತೆ ನಾನೂ ಸಿಕ್ಕಿಬೀಳುತ್ತೇನೆ ಎಂಬುದು ನನಗೆ ಮಾತ್ರ ಹೊಳೆದಿತ್ತು.

“ಬೇಕಾಗಿಲ್ಲ ಸರ್,” ಎಂದೆ. “ಅವನನ್ನು ಬಿಟ್ಟಿದ್ದಾರೆ. ಆಕಸ್ಮಿಕ ಅಂತ ಬರೆದುಕೊಂಡು ಮುಗಿಸಿದ್ದಾರೆ.”

“ಖಚಿತವೇ?”

“ಖಚಿತ.”

ಅವರು ನನ್ನ ಮುಖವನ್ನೇ ನೋಡಿದರು. ಹನ್ನೆರಡು ವರ್ಷ ಜನರ ಮಾತು ಕೇಳಿದವರು. ಆದರೂ ನಂಬಿದರು. ಅವರ ಕಣ್ಣಲ್ಲಿ ನಾನು ಸಾವಿನಿಂದ ಆಗಷ್ಟೇ ಪಾರಾಗಿ ಬಂದವನು, ಅಂಥವನು ಸುಳ್ಳು ಹೇಳಲಾರ ಎಂದುಕೊಂಡರೋ ಏನೋ.

ಗೇಟಿಗೆ ವಾಪಸು ಬಂದೆ. “ಅವರು ಏನೂ ನೋಡಿಲ್ಲಂತವಾ. ಬರಕೋತ ಕುಂತಿದ್ರಂತ.”

“ಕಣ್ಣ ಮುಂದನ ಇತ್ತಲ್ರಿ, ಅಣ್ಣಾರ?”

“ವಯಸ್ಸಾಗೇತಿ ಅವರಿಗೆ.”

ಅವಳು ವರಾಂಡದ ಕಡೆ ನೋಡಿದಳು. ಅವರು ಅವಳನ್ನು ಕಂಡು ತಲೆಬಾಗಿಸಿ ವಂದಿಸಿದರು. ಅವಳು ಸೆರಗು ಎಳೆದುಕೊಂಡು ಹೋಗಿಬಿಟ್ಟಳು.

ಮುಂದಿನ ವಾರ ಪಣಜಿಯಲ್ಲಿ ಅವರ ಉಪನ್ಯಾಸವಾಯಿತು. ಬಿಟ್ಟುಹೋದ ಸಾಲನ್ನು ನಾನು ಮತ್ತೆ ಟೈಪ್ ಮಾಡಿ ಸೇರಿಸಿದ್ದೆ. ಅದನ್ನು ಓದುವಾಗ ಅವರು ತುಸು ನಿಂತರು. ಹಿಂದಿನ ಬೆಂಚಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಮೇಸ್ತ್ರಿ ಆಗ ಜೈಲಿನಲ್ಲಿದ್ದ. ಅವನು ಹೊರಬರಲು ಒಂದು ಮಳೆಗಾಲ ಕಳೆಯಬೇಕಾಯಿತು.

ನಾನು ಆ ಕೆಲಸ ಬಿಟ್ಟೆ. ಕೆಲವು ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ, ಮಾಪ್ಸಾ ಬಸ್ ನಿಲ್ದಾಣದಲ್ಲಿ ಮೇಸ್ತ್ರಿ, ಅವನ ಹೆಂಡತಿ ಇಬ್ಬರೂ ಸಿಕ್ಕರು. ಅವನು ಡಿಚೋಲಿಯಲ್ಲಿ ಅದಿರಿನ ಲಾರಿಗಳ ಶೆಡ್ಡಿನಲ್ಲಿ ಕೆಲಸಕ್ಕಿದ್ದನಂತೆ. ನಾನು ಕಾಣದವನಂತೆ ತಿರುಗಿಕೊಂಡೆ.

“ಹಂಗ ಓಡಬ್ಯಾಡ್ರಿ ಸರ. ನಾ ನಿಮ್ಮ ಮ್ಯಾಲೆ ಸ್ಲ್ಯಾಬ್ ಕೆಡವಾಂವಲ್ಲ.”

ನಿಂತೆ.

“ಕೇಸ್ ಮುಗದೈತ್ರಿ. ಈಗ ಹೇಳಿದ್ರ ನಿಮಗೇನೂ ಆಗೂದಿಲ್ಲ. ಮಡ್ಕಯಿ ಕೆಲಸದ ಆಸೆಕ್ಕ ನಾನ ಅವಸರ ಮಾಡಿ ತಂಗೀನ ಕೊಂದ್ನಿ ಅಂತ ಇಕಿ ಮನಸಿನ್ಯಾಗ ಇನ್ನೂ ಐತಿ. ಇಷ್ಟ ವರ್ಷ ಒಂದ ಮನ್ಯಾಗ ಅದೀವಿ, ನನ್ನ ಮಾತ ನಂಬವಲ್ಲಳು. ಕಂಬ ತೆಗೀರಿ ಅಂತ ಯಾರ ಹೇಳಿದ್ರು? ಇಕಿ ಮುಂದ ಹೇಳ್ರಿ.”

“ಪಾತ್ರಾಂವ್ ಹೇಳಿದ್ರು,” ಎಂದೆ.

“ಪಾತ್ರಾಂವ್‌ಗ ಕನ್ನಡ ಎಲ್ಲಿ ಬರ್ತಿತ್ರಿ, ಸರ?”

ನಾನು ಬಸ್ಸಿನ ಬೋರ್ಡಿನ ಕಡೆ ನೋಡಿದೆ. ಅವನು ಕಾದ. ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬಾಯಿಂದ ಬಾರದ್ದನ್ನು ಅವಳು ಮುಖದಲ್ಲಿ ಓದಿಕೊಂಡಳು. ಗಂಡನ ಕೈಯಿಂದ ಚೀಲ ಇಸಿದುಕೊಂಡು, “ಸಾಕು ಬರ್ರಿ,” ಎಂದಳು. ಆ ಮಾತು ಅವನಿಗೆ. ಎಷ್ಟೋ ದಿನದ ಮೇಲೆ ಹಾಗೆ ಮಾತಾಡಿಸಿದಂತಿತ್ತು, ಅವನ ಮುಖ ಸಡಿಲಾಯಿತು. ಬಸ್ಸು ಹತ್ತುವಾಗ ಅವಳು ತಿರುಗಿ ನನಗೆ ಹೇಳಿದಳು: “ನೀವರ ನೌಕರಿ ಮಾಡಾವ್ರು, ಅಂಜಿದ್ರಿ. ಆ ಮುದುಕಗ ಏನಾಗಿತ್ತು? ಅಂವ ಯಾತರ ಜಡ್ಜು!”

ಅವಳು ಗೇಟಿಗೆ ಬಂದ ಆ ಬೆಳಿಗ್ಗೆ ನ್ಯಾಯಾಧೀಶರು ಉದ್ದ ತೋಳಿನ ಅಂಗಿ, ಬೂಟು ಹಾಕಿಕೊಂಡು, ಪಾಸ್‌ಪೋರ್ಟು ಜೇಬಿಗಿಟ್ಟುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟೇ ನಿಂತಿದ್ದರು ಎಂದು ಹೇಳಬೇಕಾಗಿತ್ತು. ಬಸ್ಸು ಇನ್ನೂ ನಿಂತೇ ಇತ್ತು. ಅವಳು ಕಿಟಕಿಯ ಪಕ್ಕದಲ್ಲೇ ಕೂತಿದ್ದಳು. ನಾನು ಹೇಳಲಿಲ್ಲ.