ಹಾಸ್ಟೆಲ್ ದರ್ಜಿಯ ನಾಟಕ ತಂಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಸಭಾಂಗಣದ ಹಿಂದಿರುವ ಕೋಣೆಯಲ್ಲಿ ದರ್ಜಿ ಮಾಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ, ಆದರೆ ಯಂತ್ರ ಓಡುತ್ತಿಲ್ಲ. ಮಡಿಲಲ್ಲಿ ಕಪ್ಪು ನಿಲುವಂಗಿ, ಕೈಯಲ್ಲಿ ಬ್ಲೇಡು. ತಾವೇ ಹಾಕಿದ ಹೊಲಿಗೆಯನ್ನು ತಾವೇ ಬಿಚ್ಚುತ್ತಿದ್ದಾರೆ. ಕಪ್ಪು ಬಟ್ಟೆಗೆ ಕಪ್ಪು ದಾರ, ಮೇಲೆ ಮಿಣುಕು ಬಲ್ಬು. ನಡುನಡುವೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಾರೆ.

ಶನಿವಾರ ಸಂಜೆ ನಾಟಕ. ಅದನ್ನು ನೋಡಿ ಹೊಸಬರು ಒಂದಷ್ಟು ಮಂದಿ ತಂಡಕ್ಕೆ ಸೇರಿದರೆ ಸರಿ, ಇಲ್ಲವಾದರೆ ಕೋಣೆ ಖಾಲಿ ಮಾಡಿ ಎಂದು ಆಡಳಿತ ಕಚೇರಿಯವರು ಹೇಳಿಯಾಗಿದೆ. ಒಂದು ಕಾಲಕ್ಕೆ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಉಳಿದಿರುವವರು ಏಳು ಮಂದಿ. ಮಾಮನನ್ನು ಸೇರಿಸಿದರೆ ಎಂಟಾಗುತ್ತದೆ, ಆದರೆ ಸೇರಿಸುವಂತಿಲ್ಲ. ಅವರು ವಿದ್ಯಾರ್ಥಿಯಲ್ಲ, ಹಾಸ್ಟೆಲ್ಲಿನ ನೌಕರ. ಇಷ್ಟು ವರ್ಷ ಈ ತಂಡಕ್ಕೆ ಬಟ್ಟೆ ತೊಡಿಸಿದವರು ಕಚೇರಿಯ ಲೆಕ್ಕಕ್ಕೇ ಬರುವುದಿಲ್ಲ.

ಮಾಮನ ಸಂಬಳದ ಕೆಲಸ ಬೇರೆ. ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಕೂತು ಹರಿದ ಹೊದಿಕೆ, ದಿಂಬಿನ ಚೀಲ, ಪರದೆಗಳಿಗೆ ತೇಪೆ ಹಾಕುವುದು. ದಿನಕ್ಕೊಂದು ರಾಶಿ ಬರುತ್ತದೆ, ಮುಗಿಯುವ ಹೊತ್ತಿಗೆ ಇನ್ನೊಂದು ಬಂದು ಬೀಳುತ್ತದೆ. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಲ್ಲ, ಕೆಲಸದಲ್ಲೂ ಮಾತಿಲ್ಲ. ‘ಒಂದಿನ ಅಂಗಡೀಲಿ ಸಕ್ಕರೆ ಕೇಳೋಕೆ ಹೋದ್ರೆ ಸ್ವರಾನೇ ಹೊರಡ್ಲಿಲ್ಲ. ಯಾಕೆ ಅಂತ ಯೋಚನೆ ಮಾಡಿದ್ರೆ, ಎರಡು ದಿನದಿಂದ ನಾನು ಬಾಯೇ ಬಿಟ್ಟಿರ್ಲಿಲ್ಲ’ ಎನ್ನುತ್ತಾರೆ.

ಇದು ಎಷ್ಟೋ ವರ್ಷಗಳ ಹಿಂದಿನ ಮಾತು. ಅದೇ ವಾರ ನಾಟಕ ತಂಡದ ಇಬ್ಬರು ಹುಡುಗರು ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದು ಬಂದರು. ನಾಟಕ ಶುರುವಾಗುವುದರಲ್ಲಿತ್ತು, ರಾಜನ ಅಂಗಿ ಕಂಕುಳಲ್ಲಿ ಬಿರಿದಿತ್ತು. ಅಂಗಿ ಬಿಚ್ಚಿಸುವಷ್ಟು ಪುರುಸೊತ್ತಿರಲಿಲ್ಲ. ಮಾಮ ಸೂಜಿ ದಾರ ಹಿಡಿದು ಅವರ ಹಿಂದೆಯೇ ಓಡಿ, ರಾಜನನ್ನು ನಿಲ್ಲಿಸಿಯೇ ಹೊಲಿದರು. ಆಮೇಲೆ ಪರದೆಯ ಮರೆಯಲ್ಲಿ ನಿಂತು ನಾಟಕ ನೋಡಿದರು. ಮುಗಿದ ಮೇಲೆ ಯಾರೋ ಟೀ ಲೋಟ ಕೈಗಿಟ್ಟು, ನಾಳೆ ಬರ್ತೀರಾ ಮಾಮ ಎಂದರಂತೆ. ಆ ನಾಳೆ ಇವತ್ತಿನವರೆಗೂ ನಡೆದುಕೊಂಡು ಬಂದಿದೆ.

ನಾಟಕದ ಉಡುಪಿಗೆ ಮಾಮ ಹೊಲಿಗೆಯ ಒಳಗಡೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಈ ವರ್ಷದ ರಾಜ ಕಡ್ಡಿ, ಮುಂದಿನ ವರ್ಷದವನು ಡೋಲು. ಬಿಚ್ಚಿದರೆ ಅಗಲವಾಗಬೇಕು, ಹಿಡಿದರೆ ಕಿರಿದಾಗಬೇಕು. ಮೂರು ವರ್ಷ ಕಳೆದರೆ ಎಲ್ಲರೂ ಗಂಟುಮೂಟೆ ಕಟ್ಟುವವರೇ. ಮೊದಮೊದಲು ಪತ್ರ, ಫೋನು. ಆಮೇಲೆ ಅದೂ ಇಲ್ಲ. ಬಟ್ಟೆ ಅದಕ್ಕೆ ತಯಾರಿರುತ್ತದೆ, ಮಾಮ ಒಂದು ಸಲವೂ ತಯಾರಿರಲಿಲ್ಲ.

ಅದರಲ್ಲೂ ಅವರ ಮನಸ್ಸಿನಲ್ಲಿ ಉಳಿದುಹೋದವಳು ‘ಪಿಸುಮಾತು’. ಮೊದಲ ವರ್ಷ ಯಾರ ಪರಿಚಯವೂ ಇಲ್ಲದೆ ಕೋಣೆಯಲ್ಲೇ ಒಬ್ಬಳೇ ಊಟ ಮಾಡುತ್ತಿದ್ದ ಹುಡುಗಿ. ಗುಂಡಿ ಹಾಕಿಸಿಕೊಳ್ಳಲು ಬಂದವಳ ಕೈಗೆ ಮಾಮ ಒಂದು ಲಂಗ ಕೊಟ್ಟು ಅಂಚು ಹೊಲಿ ಎಂದರು. ಮರುದಿನ ತಾನಾಗಿಯೇ ಬಂದಳು. ವರ್ಷ ತುಂಬುವಷ್ಟರಲ್ಲಿ ಅವಳ ಮಾತು ಸಭಾಂಗಣದ ಕೊನೆಯ ಸಾಲಿಗೆ ಕೇಳುತ್ತಿತ್ತು, ಹೆಸರು ಮಾತ್ರ ಪಿಸುಮಾತು ಎಂದೇ ಉಳಿಯಿತು. ಕಳೆದ ವರ್ಷ ಅಪ್ಪ ಹಾಸಿಗೆ ಹಿಡಿದರು. ತಂಗಿಯರ ಹೊಣೆ ತಲೆಗೆ ಬಿತ್ತು. ಓದು ಅರ್ಧಕ್ಕೆ ಬಿಟ್ಟು, ಯಾರಿಗೂ ಹೇಳದೆ ಹೊರಟುಹೋದಳು. ಅವಳ ನಂಬರಿಗೆ ಫೋನ್ ಮಾಡಿದರೆ ಈಗ ಬೇರೆ ಯಾರೋ ಎತ್ತುತ್ತಾರೆ.

ಈ ಸಲ ನ್ಯಾಯಾಧೀಶೆಯ ಪಾತ್ರ ಮೊದಲ ವರ್ಷದ ಹೊಸ ಹುಡುಗಿಯದು. ಅಳತೆಗೆ ಬರಲೇ ಎಂದು ಅವಳು ಎರಡು ಸಲ ಕೇಳಿದ್ದಳು. ಬೇಡಮ್ಮ, ಕಣ್ಣಲ್ಲೇ ತೆಗೊಂಡಿದ್ದೀನಿ ಎಂದರು ಮಾಮ. ನಿನ್ನೆ ತಾಲೀಮಿನಲ್ಲಿ ಈ ಕಪ್ಪು ನಿಲುವಂಗಿ ತೊಟ್ಟು ನೋಡಿದರೆ ತೋಳು ಬೆರಳು ದಾಟಿದೆ, ಬಲಭುಜ ಜೋತುಬಿದ್ದಿದೆ. ಎಲ್ಲರೂ ನಕ್ಕರು. ತಂಡದ ಕಾರ್ಯದರ್ಶಿ, ಕೊನೆಯ ವರ್ಷದ ಹುಡುಗ, ಮಾತ್ರ ನಗಲಿಲ್ಲ. ಬಲಭುಜ ಇಳಿದಿದ್ದದ್ದು ಯಾರದೆಂದು ಅವನಿಗೆ ಗೊತ್ತಿತ್ತು. ಅವನು ಮೆಲ್ಲಗೆ ಪಿಸುಮಾತಿನ ಹೆಸರು ಹೇಳಿದ. ಮಾಮ ಕಣ್ಣಲ್ಲೇ ತೆಗೆದಿದ್ದು ಅವಳ ಅಳತೆ.

ಹೊಸ ಹುಡುಗಿ ನಿಲುವಂಗಿ ಕಳಚಿ ಕುರ್ಚಿಯ ಮೇಲಿಟ್ಟಳು. ‘ನಾನು ಯಾರ ಬದಲಿಗೂ ಬಂದಿಲ್ಲ ಮಾಮ. ನನಗೂ ಇಲ್ಲಿ ಯಾರೂ ಇಲ್ಲ ಅಂತ ಬಂದೆ’ ಎಂದವಳೇ ಹೊರಟುಹೋದಳು. ಅವಳಿಲ್ಲದೆ ನಾಟಕವಿಲ್ಲ, ನಾಟಕವಿಲ್ಲದೆ ಕೋಣೆಯಿಲ್ಲ. ಆದರೆ ಮಾಮನನ್ನು ಚುಚ್ಚುತ್ತಿರುವುದು ಅದಲ್ಲ. ಬ್ಲೇಡು ಕೆಳಗಿಟ್ಟು ಹೇಳುತ್ತಾರೆ: ‘ಆ ಮಗು ದಿನಾ ಬಂದು ನನ್ನ ಮುಂದೇನೇ ಕೂರ್ತಿತ್ತು. ನಾನು ಹೋದವಳ್ನೇ ನೋಡ್ತಾ ಇದ್ದೆ, ಬಂದವಳ್ನ ನೋಡ್ಲೇ ಇಲ್ಲ. ಅವತ್ತು ನನಗೆ ಯಾರೂ ಟೀ ಕೊಡ್ದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳಿ.’

ನಿನ್ನೆ ಸಂಜೆ ಹುಡುಗಿಯರ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು ಅವಳಿಗೆ ಹೇಳಿ ಕಳಿಸಿದ್ದಾರೆ: ತಪ್ಪಾಯಿತು, ಬೆಳಗ್ಗೆ ಒಂದು ಸಲ ಬಾ, ಅಳತೆ ತೆಗೆಯಬೇಕು. ಉತ್ತರ ಬಂದಿಲ್ಲ.

ಬಿಸಿಲು ಮೆಟ್ಟಿಲು ಹತ್ತಿದ ಮೇಲೆ ಹುಡುಗಿ ಬರುತ್ತಾಳೆ. ಮುಖ ಇನ್ನೂ ಊದಿಕೊಂಡೇ ಇದೆ. ತೋಳು ಚಾಚಿ ನಿಲ್ಲುತ್ತಾಳೆ. ಮಾಮ ಎದ್ದು, ಟೇಪು ಹಿಡಿದು, ಭುಜ, ತೋಳು, ಕುತ್ತಿಗೆ ಒಂದೊಂದನ್ನೂ ಜೋರಾಗಿ ಹೇಳಿಕೊಳ್ಳುತ್ತ ಅಳೆಯುತ್ತಾರೆ. ನಿಮ್ಮೂರಲ್ಲಿ ಯಾರ್ಯಾರಿದ್ದಾರಮ್ಮ ಎಂದು ಕೇಳುತ್ತಾರೆ. ಇಷ್ಟು ದಿನ ಅದನ್ನೂ ಕೇಳಿರಲಿಲ್ಲ. ಅವಳು ಅಜ್ಜಿಯಿಂದ ಶುರುಮಾಡುತ್ತಾಳೆ. ಅಳತೆ ಮುಗಿದರೂ ಅವಳ ಮಾತು ಮುಗಿದಿಲ್ಲ, ಮಾಮ ಟೇಪು ಸುತ್ತದೆ ನಿಂತೇ ಕೇಳುತ್ತಾರೆ.

ಹೊಸಬರು ಸೇರುತ್ತಾರೆಂಬ ಆಸೆ ಅವರಿಗೆ ಅಷ್ಟಾಗಿ ಇಲ್ಲ. ಕೋಣೆ ಹೋದರೆ ಮತ್ತೆ ನೆಲಮಾಳಿಗೆ, ಮತ್ತೆ ದಿಂಬಿನ ಚೀಲ. ಅವಳು ತರಗತಿಗೆ ಹೋದ ಮೇಲೆ, ಪತ್ರಿಕೆಗೆ ನಿಮ್ಮ ಬಗ್ಗೆ ಏನೆಂದು ಬರೆಯಲಿ ಎಂದು ನಾನು ಕೇಳಿದರೆ, ಮೊದಲು ಸೂಜಿಗೆ ದಾರ ಪೋಣಿಸಿಕೊಳ್ಳುತ್ತಾರೆ.

‘ದರ್ಜಿ ಅಂತ ಬರೀಬೇಡಿ, ದರ್ಜಿಗಳು ಬೇಕಾದಷ್ಟು ಜನ ಇದ್ದಾರೆ. ನಾಟಕ ತಂಡದವನು ಅಂತ ಬರೀರಿ. ಶನಿವಾರದವರೆಗೂ ಅದು ಸುಳ್ಳಲ್ಲ.’