ಬೆನ್ನ ಹಿಂದಿನ ಹೊಲಿಗೆ

ಉಳಿ ಹಿಡಿದ ಮನೆಯವರ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ ಎಂದದ್ದು ಊರ ಗೌಡರಲ್ಲ, ಶಾಲೆಯ ಮೇಷ್ಟರೂ ಅಲ್ಲ. ನಮ್ಮ ಸ್ವಂತ ದೊಡ್ಡಪ್ಪ. ಅವನೇನೂ ಕೆಟ್ಟವನಲ್ಲ. ಅಜ್ಜನಂತೆ, ಅಪ್ಪನಂತೆ ಬುಕ್ಕಾಂಬುಧಿ ಕಡೆಯ ಒಕ್ಕಲು ಮನೆಗಳಿಗೆಲ್ಲ ಚರ್ಮದಲ್ಲಿ ಎತ್ತಿನ ಕೊರಳಪಟ್ಟಿ, ಗೆಜ್ಜೆಪಟ್ಟಿ, ಹೊಲಕ್ಕೆ ಹೋಗುವವರ ಮೆಟ್ಟು ಹೊಲಿದುಕೊಡುತ್ತಿದ್ದವನು. ತಾನು ಕಂಡ ಲೋಕವನ್ನು ಕಂಡ ಹಾಗೆ ಹೇಳಿದ, ಅಷ್ಟೆ. ನಾನು ಬಿ.ಎ. ಪಾಸಾದೆ, ನಮ್ಮ ವಂಶದಲ್ಲಿ ಮೊದಲನೆಯವನು. ಇಂಥದ್ದನ್ನು ಕೊಂಚ ವಿನಯದಿಂದ ಹೇಳಬೇಕೆಂದು ನನಗೆ ಗೊತ್ತು, ಆದರೆ ಬರುವುದಿಲ್ಲ. ವಿನಯವೆಂಬುದು ಎರಡನೇ ತಲೆಮಾರಿನ ಪದವೀಧರರಿಗೆ ಒಪ್ಪುವ ಉಡುಪು. ಮೊದಲನೆಯವರಿಗೆ ಅದು ಯಾಕೋ ಭುಜದಲ್ಲಿ ಬಿಗಿ.

ಹೀಗೆ ಎದೆ ಸೆಟೆಸಿ ಹೇಳಿಕೊಳ್ಳುವ ನನ್ನ ಮಂಡಿಯ ಮೇಲೆ ಈ ಭಾನುವಾರದ ಬೆಳಿಗ್ಗೆ ಏನಿದೆ ಗೊತ್ತೆ? ಕಡೂರಿನ ಸೀಟ್ ಕವರ್ ಅಂಗಡಿಯಿಂದ ತಂದ ಹಸಿರು ನೈಲಾನ್ ಪಟ್ಟಿ, ಹಳೆಯ ಶಾಲಾಚೀಲದಿಂದ ಬಿಚ್ಚಿದ ಬಕಲ್ಲು, ಮೇಣ ಹಚ್ಚಿದ ದಪ್ಪ ದಾರ, ಆ ದಾರದ ಎರಡು ತುದಿಗೂ ಒಂದೊಂದು ಸೂಜಿ. ತರೀಕೆರೆಯ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿರುವ ನಾನು, ವಾರವೆಲ್ಲ ಕಡತದ ಮೇಲೆ ಷರಾ ಬರೆಯುವ ಅದೇ ಬೆರಳುಗಳಿಂದ, ಆಟದ ಬಂದೂಕೊಂದನ್ನು ಹೆಗಲಿಗೆ ತೂಗುಹಾಕುವ ಪಟ್ಟಿ ಹೊಲಿಯುತ್ತಿದ್ದೇನೆ.

ನಗಬೇಡಿ. ಇದಕ್ಕೆ ಏರ್‌ಸಾಫ್ಟ್ ಎನ್ನುತ್ತಾರೆ. ಬಂದೂಕು ನೋಡಲು ಸೈನಿಕರದ್ದೇ, ಹಾರುವುದು ಮಾತ್ರ ಬಟಾಣಿಗಿಂತ ಸಣ್ಣ ಪ್ಲಾಸ್ಟಿಕ್ ಮಣಿ. ಕಣ್ಣಿಗೆ ಗಟ್ಟಿ ಕನ್ನಡಕ, ಎದೆಗೆ ಜೇಬುಗಳೇ ಜೇಬುಗಳಿರುವ ಜಾಕೀಟು, ಎರಡು ಗುಂಪು, ಒಂದು ಬಯಲು. ನನ್ನನ್ನು ಇದಕ್ಕೆ ಎಳೆದವನು ಕಡೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ನವೀದ್. ಪಂಚನಹಳ್ಳಿಯ ದಾರಿಯಲ್ಲಿ ಅವನ ಪರಿಚಯದವರದ್ದೊಂದು ಹಾಳುಬಿದ್ದ ಕೋಳಿ ಶೆಡ್ಡಿದೆ. ನಮ್ಮ ರಣರಂಗ ಅದೇ. ತಗಡಿನ ಮರೆಯಲ್ಲಿ ಮಂಡಿಯೂರಿ ನಾವು ಪರಸ್ಪರ ಗುರಿಯಿಡುವಾಗ, ತೆಂಗಿನಕಾಯಿ ಮೂಟೆ ಹೇರಿಕೊಂಡು ಬೈಕಿನಲ್ಲಿ ಹೋಗುವವರು ನಿಧಾನಿಸಿ, ಈ ಸಿನಿಮಾದ ಹೀರೋ ಯಾರು ಎಂದು ವಿಚಾರಿಸಿ, ನಮ್ಮ ಹೊಟ್ಟೆಗಳನ್ನು ನೋಡಿ ಉತ್ತರಕ್ಕೆ ಕಾಯದೆ ಹೋಗುತ್ತಾರೆ.

ಸಾಮಾನನ್ನೆಲ್ಲ ತರಿಸಿಕೊಳ್ಳಬಹುದು, ಆದರೆ ನಮ್ಮ ಸಂಬಳಗಳಿಗೆ ಅದು ಹೊಂದುವುದಿಲ್ಲ. ಆದ್ದರಿಂದ ಹೊಲಿಯುವ ಕೆಲಸ ನಾನೇ ಕೇಳಿ ಪಡೆದೆ. ಯಾಕೆ ಕೇಳಿದೆನೋ ಆಗ ನನಗೇ ತಿಳಿದಿರಲಿಲ್ಲ. ಫೋನಿನಲ್ಲಿ ಯಾವುದೋ ಶೀತದೇಶದ ಗಡ್ಡದವನೊಬ್ಬ ಕುದುರೆಯ ಜೀನು ಹೊಲಿಯುವ ಬಗೆಯನ್ನು ತೋರಿಸುತ್ತಿದ್ದ. ಒಂದೇ ದಾರ, ಎರಡು ಸೂಜಿ. ಉಳಿಯಿಂದ ಒಂದು ತೂತು, ಆ ತೂತಿನಲ್ಲಿ ಈಚೆಯಿಂದೊಂದು ಸೂಜಿ, ಆಚೆಯಿಂದೊಂದು ಸೂಜಿ. ಆಮೇಲೆ ಎರಡೂ ಕೈ ಅಗಲಿಸಿ ಎಳೆಯುವುದು. ಒಂದು ಮಗ್ಗುಲು ಸವೆದು ಹರಿದರೂ ಇನ್ನೊಂದು ಮಗ್ಗುಲು ಹಿಡಿದುಕೊಂಡಿರುತ್ತದೆ. ನೋಡಿ ಕಲಿತೆ. ಮೊದಲ ಸಲ ದಾರವನ್ನು ಪೂರ್ತಿ ಎಳೆದಾಗ, ಮೇಣದ ದಾರ ಬಿಗಿ ತೂತಿನಲ್ಲಿ ಹಾಯ್ದು ಸುಂಯ್ ಎಂದು ಸದ್ದಾಯಿತು. ನಾನು ಸೂಜಿ ಕೆಳಗಿಟ್ಟೆ.

ಆ ಸದ್ದು ನನಗೆ ಗೊತ್ತಿತ್ತು. ಅದನ್ನು ಹುಟ್ಟಿಸುವ ಕೈಯನ್ನು ಮಾತ್ರ ನಾನು ಎಂದೂ ನೋಡಿರಲಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಗೆ ಇದ್ದದ್ದು ಒಂದೇ ಕೋಣೆ. ಅಪ್ಪನ ಕೆಲಸವೂ ಅಲ್ಲೇ, ನನ್ನ ಓದೂ ಅಲ್ಲೇ. ಕೆಲಸ ಕೊಡಲು ಬಂದವರು ಹೊರಗೇ ನಿಂತು, ಹುಡುಗನಿಗೂ ಕಲಿಸಿಬಿಡು, ನಿನ್ನ ಕಾಲಕ್ಕೇ ಇದು ಮುಗಿಯಬಾರದು ಎಂದು ಕಾಳಜಿಯಿಂದ ಹೇಳುತ್ತಿದ್ದರು. ಅಪ್ಪ ಹೂಂಗುಟ್ಟುತ್ತಿದ್ದ. ಅವರು ಅತ್ತ ಹೋದೊಡನೆ ನನ್ನ ಎರಡೂ ಭುಜ ಹಿಡಿದು, ಗಡಿಗೆಯನ್ನು ತಿರುಗಿಸಿಡುವಂತೆ ನನ್ನನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸುತ್ತಿದ್ದ. ಕಣ್ಣು ಕಂಡದ್ದನ್ನು ಕೈ ಕದಿಯುತ್ತದೆ ಎಂಬುದು ಅವನ ನಂಬಿಕೆ. ತಾನು ಅಜ್ಜನ ಎದುರು ಕೂತು, ಯಾರೂ ಹೇಳಿಕೊಡದೆ, ಬರೀ ನೋಡಿ ನೋಡಿಯೇ ಈ ಕೆಲಸಕ್ಕೆ ಸಿಕ್ಕಿಬಿದ್ದದ್ದು ಅವನಿಗೆ ನೆನಪಿತ್ತು. ಹಾಗಾಗಿ ನನ್ನ ಬಾಲ್ಯವೆಂದರೆ ಮುಂದೊಂದು ಮಣ್ಣಿನ ಗೋಡೆ, ಮಡಿಲಲ್ಲೊಂದು ಪುಸ್ತಕ, ಬೆನ್ನ ಹಿಂದೆ ಆ ಸುಂಯ್ ಸದ್ದು. ನೀರು ಕುಡಿಯಲು ಎದ್ದರೂ ಅಪ್ಪ ಕೈಯಲ್ಲಿದ್ದುದನ್ನು ಪಂಚೆಯಡಿ ಮುಚ್ಚುತ್ತಿದ್ದ. ಲೋಕದ ತಂದೆಯರು ಮಕ್ಕಳಿಂದ ಬೀಡಿಯನ್ನು, ಹೆಂಡವನ್ನು ಮರೆಮಾಡುತ್ತಾರೆ; ನನ್ನ ತಂದೆ ತನ್ನ ವಿದ್ಯೆಯನ್ನು ಮರೆಮಾಡಿದ. ನಾನು ಕೆಲಸಕ್ಕೆ ಸೇರಿದ ವರ್ಷವೇ ಉಳಿ, ಚರ್ಮ ಕೊಯ್ಯುವ ರಂಪಿಗೆಗಳನ್ನೆಲ್ಲ ಯಾರಿಗೋ ಕೊಟ್ಟು, ಒಂದು ಟ್ರಂಕು, ಒಂದು ಬುದ್ಧನ ಪಟ ಹಿಡಿದು ನನ್ನ ಜೊತೆ ತರೀಕೆರೆಗೆ ಬಂದ. ಅಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು.

ಈಗ ನಾನು ಮೊದಲ ಸಲ ದಾರ ಎಳೆದ ಆ ಭಾನುವಾರಕ್ಕೆ ಬನ್ನಿ. ನನ್ನ ದಾರ ಸದ್ದು ಮಾಡಿತೆಂದೆನಲ್ಲ, ಒಳಕೋಣೆಯಲ್ಲಿ ಮಲಗಿದ್ದ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಕಿವಿ ಈಚೆಗೆ ಮಂದ, ಟಿ.ವಿ.ಯನ್ನು ಕೂಗಿಸಿಯೇ ಕೇಳುವವನು. ಆದರೂ ಇದು ಕೇಳಿಸಿತ್ತು. ನನ್ನ ಕೈಯನ್ನು, ಪಟ್ಟಿಯನ್ನು, ಎರಡು ಸೂಜಿಯನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ದಾಟಿ ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದ. ಚಿಲಕವನ್ನೂ ಹಾಕಿದ. ಆಮೇಲೆ ಮೆಲ್ಲಗೆ ಹೇಳಿದ:

"ಹೊಲೀಲೇಬೇಕು ಅಂದ್ರೆ ಮಿಷನ್ ತಗೊಳ್ಳೋ. ಮಿಷನ್ನಲ್ಲಿ ಹೊಲಿದ್ರೆ ಟೈಲರ್ ಅಂತಾರೆ."

ಕೈಯಲ್ಲಿ ಹೊಲಿದರೆ ಏನನ್ನುತ್ತಾರೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ಒಂದು ಮಾತು ಕೇಳಿದೆ. ತಿರುವಿನಲ್ಲಿ ನನ್ನ ಹೊಲಿಗೆ ಓರೆಯಾಗುತ್ತದೆ, ಒಂದೇ ಒಂದು ಸಲ ಕೂತು ತೋರಿಸಪ್ಪಾ ಎಂದೆ. ಅಪ್ಪ ತನ್ನ ಎರಡೂ ಅಂಗೈಗಳನ್ನು ತೆರೆದು, ಅಲ್ಲಿ ಏನಾದರೂ ಉಳಿದಿದೆಯೇ ಎಂದು ತಾನೇ ಪರೀಕ್ಷಿಸುವವನಂತೆ ನೋಡಿಕೊಂಡು, "ಮರ್ತೋಗದೆ ಕಣೋ" ಎಂದು ಒಳಗೆ ಹೋದ.

ಮರೆತಿದ್ದನೇ? ಹಾಡುವವನಿಗೆ ರಾಗ ಮರೆತೀತೇ, ಈಜುವವನಿಗೆ ನೀರು ಮರೆತೀತೇ ಎಂದು ನಾನು ಬಹಳ ದಿನ ತರ್ಕಿಸಿದೆ. ಈಗ ಅನ್ನಿಸುವುದೇ ಬೇರೆ. ಮರೆತಿದ್ದೇನೆ ಎಂದು ಹೇಳುವ ಹಕ್ಕನ್ನು ಆತ ಸಂಪಾದಿಸಿಕೊಂಡಿದ್ದ. ನನ್ನ ಪದವಿ ನನಗೆ ಕುರ್ಚಿ ಕೊಟ್ಟಿತು. ಅವನಿಗೆ ಕೊಟ್ಟದ್ದು ಈ ಮರೆವು. ನಾನು ಅದನ್ನೇ ವಾಪಸು ಕೇಳುತ್ತಿದ್ದೆ.

ಗೆಳೆಯರೇ, ಹವ್ಯಾಸ ಎಂಬ ಪದವನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ತೂಗಿ ನೋಡಿದ್ದೀರಾ? ಅದೇ ಸೂಜಿ, ಅದೇ ದಾರ, ಅದೇ ಬಗ್ಗಿದ ಬೆನ್ನು. ಹೊಟ್ಟೆಗಾಗಿ ಮಾಡಿದರೆ ಜಾತಿ, ಭಾನುವಾರ ಮಾಡಿದರೆ ಹವ್ಯಾಸ. ನವೀದ್ ನನ್ನ ಪಟ್ಟಿಗಳನ್ನು ಎಳೆದೆಳೆದು ನೋಡಿ ಹೊಗಳುವಾಗ ಅವನ ಕಣ್ಣಿಗೆ ಬೀಳುವುದು ಕೈಚಳಕ. ಅವನದ್ದೇನೂ ತಪ್ಪಿಲ್ಲ, ನನಗೂ ಆ ಹೊಗಳಿಕೆ ಸಿಹಿ. ಆದರೆ ಅಪ್ಪ ಅದೇ ಪಟ್ಟಿಯನ್ನು ಕಂಡಾಗ ಹೊರಗೆ ನಿಂತವರ ನೆರಳು ಅವನ ಮೈಮೇಲೆ ಬೀಳುತ್ತದೆ. ಒಂದೇ ವಸ್ತುವನ್ನು ಇಬ್ಬರು ಎರಡು ಬೇರೆ ಬೇರೆ ಶತಮಾನಗಳಲ್ಲಿ ನಿಂತು ನೋಡಿದಂತೆ. ನಾನು ನಡುವೆ ಕೂತು ತೂತು ಕೊರೆಯುತ್ತೇನೆ. ನನಗೆ ಬೇಕಾದದ್ದು ಹೆಚ್ಚೇನಲ್ಲ. ಅಪ್ಪ ಒಮ್ಮೆ, ಒಂದೇ ಒಮ್ಮೆ, ಕಿಟಕಿ ತೆರೆದಿಟ್ಟುಕೊಂಡು ನನ್ನ ಎದುರು ಕೂತು ಹೊಲಿಯಬೇಕು. ನಾನು ಅವನ ಕೈ ನೋಡಬೇಕು. ವಯಸ್ಸಾಗುತ್ತಿದೆ. ಅವನ ಬೆರಳು ಈಗ ಚಹದ ಲೋಟವನ್ನೂ ನಡುಗುತ್ತಲೇ ಹಿಡಿಯುತ್ತದೆ.

ಸುಗ್ಗಿ ಮುಗಿದ ಮೇಲೆ ನವೀದ್ ದೊಡ್ಡ ಆಟವೊಂದನ್ನು ಏರ್ಪಡಿಸಿದ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವರು. ನಾನು ಹೊರಡುವಾಗ ಅಪ್ಪನೂ ಅಂಗಿ ಹಾಕಿಕೊಂಡು ನಿಂತ. ಬಂದೂಕಿನ ವ್ಯವಹಾರದ ಮೇಲೆ ಅವನಿಗೆ ಮೊದಲಿನಿಂದಲೂ ಗುಮಾನಿ. ಪೊಲೀಸರು ಹಿಡಿದರೆ ಡಿಗ್ರಿ ಕೊಟ್ಟವರು ಬಂದು ಕಿತ್ತುಕೊಳ್ಳುವುದಿಲ್ಲವೇ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೇಳಿದ. ಒಮ್ಮೆ ಕೊಟ್ಟ ಡಿಗ್ರಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದರೆ, ಕೊಟ್ಟದ್ದನ್ನು ಕಿತ್ತುಕೊಳ್ಳದವರನ್ನು ತಾನು ಈವರೆಗೆ ಕಂಡಿಲ್ಲ ಎಂದ.

ಶೆಡ್ಡಿನ ಬಳಿ ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಣ್ಣಿಗೆ ಕನ್ನಡಕ ಕೊಟ್ಟರು. ನವೀದ್ ಪಕ್ಕದಲ್ಲಿ ನಿಂತು ಆಟದ ನಿಯಮ ವಿವರಿಸಿದ. ಈ ಮಣಿ ಬಣ್ಣ ಮೆತ್ತುವುದಿಲ್ಲ, ತಾಗಿದ ಗುರುತು ಬಟ್ಟೆಯ ಮೇಲೆ ಉಳಿಯುವುದಿಲ್ಲ. ತಾಗಿಸಿಕೊಂಡವನೇ ಕೈಯೆತ್ತಿ, ತಾಗಿತು ಎಂದು ಕೂಗಿ, ಆಟದಿಂದ ಹೊರಗೆ ನಡೆಯಬೇಕು. ಪ್ರಾಮಾಣಿಕತೆಯೇ ಈ ಆಟದ ಅಂಪೈರು. ಅಪ್ಪ ಬಹಳ ಹೊತ್ತು ನೋಡಿದ. ದೊಡ್ಡ ದೊಡ್ಡ ಗಂಡಸರು ಕೈಯೆತ್ತಿ, ನಗುತ್ತಾ, ಬೆನ್ನು ತಿಕ್ಕಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು. ನನಗೂ ತಾಗಿ, ಕೈಯೆತ್ತಿ ಅವನ ಬಳಿ ಬಂದು ಕೂತಾಗ ಅಪ್ಪ ಯಾರನ್ನೂ ಉದ್ದೇಶಿಸದೆ ಹೇಳಿದ:

"ಚೆಂದಾಗದೆ ಆಟ. ನಾವಾದ್ರೆ ತಾಗೇ ಇಲ್ಲ ಅನ್ನೋ ಹಂಗೆ ನಡ್ಕೊಂಡು ಹೋಗ್ತಿದ್ವಿ."

ಗುರುತು ಉಳಿಯದ ಏಟುಗಳ ಬಗ್ಗೆ ನಾನು ಓದಿದ ಸಮಾಜಶಾಸ್ತ್ರದಲ್ಲಿ ದೀರ್ಘ ಅಧ್ಯಾಯಗಳಿವೆ. ಅವನ್ನು ಬರೆದು ಅಂಕ ಪಡೆದಿದ್ದೇನೆ. ಆದರೆ ಆ ಗೋಡೆಯ ಮುಂದೆ ಕೂತು ಓದುತ್ತಿದ್ದಾಗ ನನ್ನ ಬೆನ್ನ ಹಿಂದೆ ಒಬ್ಬ ಮನುಷ್ಯ ಕೈಯೆತ್ತದೆ ಎಷ್ಟು ತಾಗಿಸಿಕೊಂಡು ಕೂತಿದ್ದ ಎಂದು ಲೆಕ್ಕ ಹಾಕಲು ಯಾವ ಅಧ್ಯಾಯವೂ ನನಗೆ ಹೇಳಿಕೊಟ್ಟಿರಲಿಲ್ಲ.

ಆಟ ಮುಗಿದ ಮೇಲೆ ಚಿತ್ರಾನ್ನ, ಚಹ, ಆಮೇಲೆ ಸರ್ಟಿಫಿಕೇಟು. ನವೀದನ ತಮ್ಮನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಅಚ್ಚಾಗಿ, ಲ್ಯಾಮಿನೇಟ್ ಆಗಿ ಬಂದಿದ್ದವು. ಗೆದ್ದವರಿಗೆ ಒಂದು, ಜಾಸ್ತಿ ಕೈಯೆತ್ತಿದವನಿಗೆ ತಮಾಷೆಗೆ ಒಂದು. ಕೊನೆಗೆ, ಕೈಹೊಲಿಗೆಗೆಂದು ಒಂದು ಹಾಳೆ ತೆಗೆದು ನನ್ನ ಹೆಸರು ಕೂಗಿದರು. ಅಂದು ಅಲ್ಲಿದ್ದವರಲ್ಲಿ ಅರ್ಧ ಜನರ ಹೆಗಲಲ್ಲಿ ಇದ್ದದ್ದು ನಾನು ಹೊಲಿದ ಪಟ್ಟಿ, ಎದೆಯ ಮೇಲೆ ನಾನು ಹೊಲಿದ ಜೇಬು. ನವೀದ್ ಆ ಹಾಳೆಯನ್ನು ನನಗೆ ಕೊಡದೆ ಅಪ್ಪನ ಕೈಗಿಟ್ಟು, ನೀವೇ ಕೊಡಬೇಕು ಯಜಮಾನರೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಯಾರೋ ಅಜ್ಜಂಪುರದವರು, ಇಂಥ ಕೈಹೊಲಿಗೆಯನ್ನು ನಾನು ಎಲ್ಲಿ ಕಲಿತೆನೆಂದು ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನನ್ನು ತೋರಿಸಿ, ಇದು ಇವರ ವಿದ್ಯೆ ಎನ್ನಬೇಕೆಂದಿದ್ದೆ. ಅಪ್ಪ ನನಗಿಂತ ಚುರುಕಾಗಿದ್ದ.

"ಫೋನಲ್ಲಿ ನೋಡಿ ಕಲ್ತ ಕಣ್ರೀ" ಎಂದ. "ನಮ್ಮನೇಲಿ ಯಾರೂ ಹೇಳ್ಕೊಟ್ಟಿಲ್ಲ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನು ಹೇಳುವಾಗ ಅವನ ಮುಖದಲ್ಲಿದ್ದ ಅಭಿಮಾನವನ್ನು, ನನ್ನ ಫಲಿತಾಂಶ ಬಂದ ದಿನವೂ ನಾನು ಕಂಡಿರಲಿಲ್ಲ. ಜೀವಮಾನವಿಡೀ ಮಾಡಿದ ಒಂದು ವ್ರತ ಕೈಗೂಡಿದವನ ಮುಖ ಅದು. ಸುತ್ತ ನಿಂತವರು ಮೆಚ್ಚಿ ತಲೆದೂಗಿದರು. ನಾನೂ ತಲೆದೂಗಿದೆ, ಅವನ ಗೆಲುವನ್ನು ನಾನು ಹಾಳುಮಾಡುವುದು ಹೇಗೆ? ಇನ್ನು ಎಂದೂ ಅವನನ್ನು ಎದುರು ಕೂತು ತೋರಿಸು ಎಂದು ಕೇಳಲಾರೆ ಎಂಬುದೂ, ಆ ಕೈಯಲ್ಲಿದ್ದದ್ದು ಆ ಕೈಯ ಜೊತೆಗೇ ಹೋಗುತ್ತದೆ ಎಂಬುದೂ ನನಗೆ ಅಲ್ಲೇ ಖಚಿತವಾಯಿತು.

ಜನ ಚದುರಿದ ಮೇಲೆ ಅಪ್ಪ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದ, ಅಂಗಿಯ ಅಂಚಿನಿಂದ ಅದರ ಮೇಲಿನ ಬೆರಳಚ್ಚು ಒರೆಸಿದ, ನನ್ನ ಕೈಗೆ ಕೊಟ್ಟ.

"ಇದನ್ನ ಡಿಗ್ರಿ ಪಕ್ದಲ್ಲಿ ನೇತಾಕ್ಬೇಡ ಕಣೋ" ಎಂದ. "ಬಂದೋರು ಯಾವ್ದನ್ನ ಮೊದ್ಲು ಓದ್ತಾರೋ."