ಒಂದು ತಪ್ಪು ಹೇಳಲೇಬೇಕು

ಆಂಟಿಯ ಮುಂದಿನ ಹಲ್ಲೊಂದರ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ದಾರ ಕಚ್ಚಿ ಕಚ್ಚಿ ಆದದ್ದು. ಮೇಜಿನ ಮೇಲೆ ಕತ್ತರಿ ಇರುತ್ತಿತ್ತು, ಆದರೆ ಅದನ್ನು ಮುಟ್ಟುತ್ತಿರಲಿಲ್ಲ. ಎದುರಿಗಿದ್ದವರ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ ಅವರ ನಾಲಿಗೆಯ ತುದಿ ಆ ಕಚ್ಚಿನ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಅವರ ಮನೆಗೆ ಹೋದ ಮೊದಲ ದಿನವೇ ನನ್ನ ಕತ್ತಿನ ಮುತ್ತಿನ ಸರ ಬಿಚ್ಚಿಸಿಕೊಂಡು, ಒಂದು ಮುತ್ತನ್ನು ಅದೇ ಹಲ್ಲಿಗೆ ಉಜ್ಜಿ ನೋಡಿದರು. ಅಸಲಿ ಮುತ್ತು ಹಲ್ಲಿಗೆ ಸಣ್ಣ ರವೆಯ ಹಾಗೆ ತರಿತರಿ ಅನ್ನುತ್ತದೆ, ಪ್ಲಾಸ್ಟಿಕ್ ಆದರೆ ಜಾರುತ್ತದೆ.

"ನಿನಗ ಯಾರೋ ಟೋಪಿ ಹಾಕ್ಯಾರವಾ" ಅಂದರು.

ಕೊಟ್ಟದ್ದು ನನ್ನ ಗಂಡ. ಆ ಸಂಜೆ ನಮ್ಮ ಮನೆಯಲ್ಲಿ ನಡೆದ ವಿಚಾರಣೆಯನ್ನು ಇಲ್ಲಿ ಬರೆಯುವುದಿಲ್ಲ.

ಆಂಟಿ ಧಾರವಾಡದವರು. ಅಂಕಲ್ ಡಾಕ್ಟರಾಗಿದ್ದರು, ನಾನು ನೋಡುವ ಹೊತ್ತಿಗೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಗಳು ಡಲ್ಲಾಸಿನಲ್ಲಿ. ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಮನೆಯ ಗರಾಜಿಗೆ ಆಂಟಿ ಏಸಿ ಹಾಕಿಸಿ, ಉದ್ದದ ಮೇಜು ಇಟ್ಟು, ತಿಂಗಳಿಗೊಂದು ಶನಿವಾರ ಮಣಿಸರ ಮಾಡುವ ನಮ್ಮಂಥ ಏಳೆಂಟು ಹೆಂಗಸರನ್ನು ಸೇರಿಸುತ್ತಿದ್ದರು. ಪ್ರತಿ ಸಲವೂ ಒಂದು ಸವಾಲು. ಯಾರಾದರೂ ಒಂದು ಚಿತ್ರ ಆರಿಸಬೇಕು, ಹೂವಿನ ಬಯಲೋ ಹಳೆಯ ಬಾಗಿಲೋ ಏನಾದರೂ ಸರಿ. ಆ ಚಿತ್ರದಲ್ಲಿರುವ ಬಣ್ಣಗಳನ್ನೇ ಹಿಡಿದು ಪ್ರತಿಯೊಬ್ಬರೂ ಮನೆಯಲ್ಲಿ ಒಂದೊಂದು ಸರ ಮಾಡಿ ತರಬೇಕು. ಮುಂದಿನ ಶನಿವಾರ ಎಲ್ಲವನ್ನೂ ಬಿಳಿ ಟವೆಲ್ಲಿನ ಮೇಲೆ ಇಟ್ಟು ನೋಡುವುದು. ನಿಯಮ ಆಂಟಿಯದು: ಪ್ರತಿ ಸರಕ್ಕೂ ಪ್ರತಿಯೊಬ್ಬರೂ ಒಂದು ತಪ್ಪು ಹೇಳಲೇಬೇಕು. ಬರೀ ಹೊಗಳಿದವರಿಗೆ ಚಹಾ ಇಲ್ಲ.

"ಛಲೋ ಅದ ಅಂತ ಹೇಳ್ಲಿಕ್ಕೆ ಏನ್ ಖರ್ಚಾಗ್ತದ? ತಪ್ಪು ಹೇಳಬೇಕಂದ್ರ ನೋಡಬೇಕಾಗ್ತದ" ಅನ್ನುತ್ತಿದ್ದರು.

ನನಗೆ ಆ ನಿಯಮ ಬಹಳ ಹಿಡಿಸಿತು. ನಾನು ಕೆಲಸ ಮಾಡುವುದು ಒಂದು ಬ್ಯಾಂಕಿನಲ್ಲಿ, ಕಾರ್ಡುಗಳ ಮೋಸ ಹಿಡಿಯುವ ವಿಭಾಗದಲ್ಲಿ. ದಿನವಿಡೀ ಅನುಮಾನ ಪಡುವುದಕ್ಕೇ ನನಗೆ ಸಂಬಳ. ಅಂಥವಳ ಕಣ್ಣು ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಕೆಲವು ತಿಂಗಳಲ್ಲೇ ನನಗೆ ಆಂಟಿಯ ಮೇಲೇ ಅನುಮಾನ ಶುರುವಾಯಿತು.

ಕಾರಣ ಇತ್ತು. ಹಾರ್ವಿನ್ ರಸ್ತೆಯ ಸಗಟು ಅಂಗಡಿಗಳಿಗೆ ಮಣಿ ತರಲು ಹೋಗುವಾಗಲೆಲ್ಲ ಆಂಟಿ ನನ್ನ ಕಾರಿನಲ್ಲೇ ಬರುತ್ತಿದ್ದರು. ಅಂಗಡಿಯಲ್ಲಿ ಒಂದೊಂದೇ ಮಣಿಯ ಎಳೆ ಎತ್ತಿ ನನ್ನ ಮುಖದ ಮುಂದೆ ಹಿಡಿದು, "ಇದು ಏನ್ ಬಣ್ಣ? ಸರಿಯಾಗಿ ನೋಡಿ ಹೇಳು" ಅನ್ನುವರು. ಮೇಷ್ಟರು ಮಗ್ಗಿ ಕೇಳಿದ ಹಾಗೆ. ಟೀಲ್, ಮೋವ್ ಎಂದು ಬಣ್ಣದ ಇಂಗ್ಲಿಷ್ ಹೆಸರು ಹೇಳಿದರೆ ಒಪ್ಪುತ್ತಿರಲಿಲ್ಲ.

"ಟೀಲ್ ಅಂದ್ರ ನನಗೇನು ತಿಳೀತದ? ಅಡಗಿಮನ್ಯಾಗ ಇರೂದ್ರಾಗ ಹೇಳು."

ಹಾಗಾಗಿ ನಾನು ಮೆಂತ್ಯದ ಬಣ್ಣ, ಬದನೆಕಾಯಿ ತೊಟ್ಟಿನ ಹಸಿರು, ಈರುಳ್ಳಿ ಸಿಪ್ಪೆಯ ಬಣ್ಣ ಎಂದೆಲ್ಲ ಹೇಳಬೇಕಾಗುತ್ತಿತ್ತು. ಮಾತಿನ ನಡುವೆ, ಈ ಸಲ ನೀನು ಯಾವುದರ ಪಕ್ಕ ಯಾವುದು ಹಾಕುತ್ತೀ ಎಂದೂ ಕೇಳುವರು. ಬ್ಲೂಬಾನೆಟ್ ಎಂಬ ಇಲ್ಲಿನ ನೀಲಿ ಹೂವಿನ ಚಿತ್ರ ಬಂದ ತಿಂಗಳು ನಾನು, ಆ ನೀಲಿಯ ಪಕ್ಕ ಬದನೆಕಾಯಿ ತೊಟ್ಟಿನ ಹಸಿರು ಚೆನ್ನಾಗಿರುತ್ತೆ ಅಂದಿದ್ದೆ. ಶನಿವಾರ ಟವೆಲ್ಲಿನ ಮೇಲೆ ಆಂಟಿಯ ಸರದಲ್ಲಿ ನೀಲಿಯ ಪಕ್ಕ ಅದೇ ಹಸಿರು ಕೂತಿತ್ತು. ನನ್ನ ಸರದಲ್ಲೂ ಕೂತಿತ್ತು. ನೋಡಿದವರು ನಾನೇ ಆಂಟಿಯನ್ನು ನಕಲು ಮಾಡಿದೆ ಅಂದುಕೊಂಡರು. ಮೈಯೆಲ್ಲ ಉರಿಯಿತು.

ಹೂಸ್ಟನ್ನಿನಿಂದ ಡಲ್ಲಾಸಿಗೆ ಶಿಫ್ಟ್ ಆಗಿದ್ದ ನನ್ನ ಗೆಳತಿಗೆ ಫೋನ್ ಮಾಡಿದೆ. ನನ್ನನ್ನು ಆಂಟಿಯ ಗುಂಪಿಗೆ ಸೇರಿಸಿದವಳೇ ಅವಳು. ಈಗಲೂ ಸರ ಮಾಡಿ ಹಿಡಿದುಕೊಂಡು ಅಲ್ಲಿಂದ ಡ್ರೈವ್ ಮಾಡಿ ಬರುತ್ತಿದ್ದಳು.

"ನಿನ್ನನ್ನೂ ಕೇಳ್ತಾರಾ?" ಅಂದಳು ಅವಳು. "ನಂಗೆ ವಿಡಿಯೋ ಕಾಲ್ ಮಾಡಿ ಮಣಿ ತೋರಿಸ್ತಾರೆ ಕಣೆ. ಇದೇನ್ ಬಣ್ಣ, ಅದೇನ್ ಬಣ್ಣ ಅಂತ. ನನ್ನ ಪರೀಕ್ಷೆ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ."

ಪರೀಕ್ಷೆ ಮಾಡುತ್ತಿದ್ದಾರೋ ಕದಿಯುತ್ತಿದ್ದಾರೋ, ಎರಡರಲ್ಲಿ ಒಂದು. ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ಒಂದು ಉಪಾಯವಿದೆ: ಒಂದು ಸುಳ್ಳು ಒಳಗೆ ಬಿಟ್ಟು, ಅದು ಎಲ್ಲಿ ಹೋಗಿ ಏಳುತ್ತದೆ ಎಂದು ನೋಡುವುದು. ಮುಂದಿನ ಸಲ ಹಾರ್ವಿನ್ನಿನ ಅಂಗಡಿಯಲ್ಲಿ ಆಂಟಿ ಮಾಸಲು ಹಸಿರು ಮಣಿಯ ಎಳೆಯೊಂದನ್ನು ಎತ್ತಿ ಹಿಡಿದಾಗ ನಾನು ತಣ್ಣಗೆ ಹೇಳಿದೆ:

"ಈರುಳ್ಳಿ ಸಿಪ್ಪೆ ಬಣ್ಣ ಆಂಟಿ."

ಪರೀಕ್ಷೆಯಾಗಿದ್ದರೆ ಅಲ್ಲೇ ಬೈಯಬೇಕಿತ್ತು. ಬೈಯಲಿಲ್ಲ. "ಹೌದ?" ಅಂದು ಎಳೆಯನ್ನು ಕೈಯಲ್ಲೇ ಹಿಡಿದುಕೊಂಡು ಮುಂದೆ ಹೋದರು. ನಾನು ಹಿಂದೆಯೇ ಹೋದೆ. ಕಪಾಟಿನ ಆಚೆ ಬದಿಯಲ್ಲಿ ಅಂಗಡಿಯ ಕೆಲಸದ ಹುಡುಗಿಯನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದರು. ಹುಡುಗಿ ಗ್ರೀನ್ ಅಂದಳು.

ಆಂಟಿ ತಿರುಗಿದರು. ನಾನು ಅಲ್ಲೇ ನಿಂತಿದ್ದೆ. ನಾಲಿಗೆ ಹಲ್ಲಿನ ಕಚ್ಚಿನ ಮೇಲೆ ಬಂದು ನಿಂತಿತು. ಮಣಿಯನ್ನು ಬಿಲ್ ಮಾಡಿಸಿ ಕಾರು ಹತ್ತಿದೆವು. ಹಿಲ್‌ಕ್ರಾಫ್ಟಿನಲ್ಲಿ ಚಾಟ್ ಅಂಗಡಿಯ ಮುಂದೆ ಪಾರ್ಕ್ ಮಾಡಿ ಎಂಜಿನ್ ಆಫ್ ಮಾಡಿದ ಮೇಲೆ ಅವರು ಬಾಯಿ ಬಿಟ್ಟರು.

"ಬ್ಯಾಂಕಿನವ್ರು ನಿನಗ ಪಗಾರ ಸುಮ್ನ ಕೊಡೂದಿಲ್ಲ."

"ಯಾಕೆ ಕೇಳ್ತೀರಾ ಆಂಟಿ, ನಿಮಗೆ ಕಾಣಲ್ವಾ?"

"ಆಕಾರ ಕಾಣಸ್ತದ. ಬಣ್ಣ ಹೋಗ್ಯದ. ಕಣ್ಣಿನ ನರ ಒಣಗ್ಲಿಕ್ಕತ್ತದಂತ, ಇದಕ್ಕ ಆಪರೇಶನ್ ಇಲ್ಲಂತ. ಎಲ್ಲಾ ಚಹಾದಾಗ ಅದ್ದಿದಂಗ ಕಾಣಸ್ತದ ನೋಡು. ನೀನೂ."

ಬ್ಲೂಬಾನೆಟ್ ಸರದ ಬಗ್ಗೆ ಕೇಳಿದೆ. ಬಿಡುವ ಜಾಯಮಾನ ನನ್ನದಲ್ಲ.

"ನೀ ಹೇಳಿದ ಜೋಡಿ ಒಂದ ನನಗ ಖಾತ್ರಿ ಇತ್ತು. ಅದಕ್ಕ ಅದನ್ನ ಹಾಕಿದೆ" ಅಂದರು. ಸಂಕೋಚದ ಸುಳಿವೂ ಇರಲಿಲ್ಲ.

ಮಗಳಿಗೂ ಗೊತ್ತಿರಲಿಲ್ಲ. ಕಾರು ಓಡಿಸುವುದನ್ನು ತಾವಾಗಿಯೇ ಬಿಟ್ಟಿದ್ದರು. "ಸಿಗ್ನಲ್ ಅಡ್ಡ ಇದ್ರ ಎಡಕ್ಕ ಕೆಂಪು, ಬಲಕ್ಕ ಹಸರು. ಅದು ಬಾಯಿಪಾಠ ಅದ. ಆದ್ರ ನನ್ನ ಮ್ಯಾಲೆ ನನಗ ನಂಬಿಕಿ ಇಲ್ಲ." ಗುಂಪಿಗೆ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

"ಹೇಳಿದ್ರ ನಾಳಿಂದ ಎಲ್ಲಾರೂ ಛಲೋ ಅದ ಅಂತಾರ. ಪಾಪ ಅಂತ. ಆಮ್ಯಾಲೆ ನಾ ಮಾಡಿದ್ದು ಖರೇನ ಛಲೋ ಅದನೋ ಇಲ್ಲೋ ನನಗ ಹೆಂಗ ತಿಳೀಬೇಕು? ಹಂಗಾದ ದಿನ ನಾ ಮಣಿ ಮುಟ್ಟೂದಿಲ್ಲ."

ಅವರಿಗಿದ್ದ ಭಯ ಅದೊಂದೇ. ಕಣ್ಣಿನದಲ್ಲ.

ನನಗೆ ಮರುಕ ಬರಬೇಕಿತ್ತು, ಬರಲಿಲ್ಲ. ಕರುಳು ಕರಗುವ ಕಥೆ ಹೇಳುವವರನ್ನೇ ಮೊದಲು ಅನುಮಾನಿಸಬೇಕು ಎಂಬುದು ನನ್ನ ಕಸುಬಿನ ಮೊದಲ ಪಾಠ. ಕದ್ದು ಸಿಕ್ಕಿಬಿದ್ದ ಮೇಲೆ ಕಟ್ಟಿದ ಕಥೆಯೂ ಆಗಿರಬಹುದು. ಅವರನ್ನು ಮನೆಗೆ ಬಿಡಲು ಹೋದವಳು ದೇವರ ಮುಂದೆ ಕೈಮುಗಿಯುವ ನೆಪದಲ್ಲಿ ಸುತ್ತ ನೋಡಿದೆ. ಅರಿಶಿನದ ಭರಣಿಯ ಮುಚ್ಚಳಕ್ಕೆ ಒಂದು ಸಣ್ಣ ಮಣಿ ಅಂಟಿಸಿತ್ತು, ಕುಂಕುಮದ ಭರಣಿಗೆ ಎರಡು. ಬೆರಳಿನಿಂದ ಮುಟ್ಟಿ ನೋಡಿದೆ. ಯಾವುದು ಯಾವುದೆಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಆ ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಹೇಳದಿದ್ದರೆ ಆಂಟಿ ನನಗೆ ಸಿಗುತ್ತಿರಲಿಲ್ಲ.

ಮುಂದೆ ನಮಗೆ ಆಸ್ಟಿನ್ ಕಡೆ ಕೆಲಸವಾಗಿ ಜಾರ್ಜ್‌ಟೌನಿನಲ್ಲಿ ಮನೆ ಮಾಡಿದೆವು. ಭಾನುವಾರ ಬೆಳಿಗ್ಗೆ ಆಂಟಿಯ ವಿಡಿಯೋ ಕಾಲ್ ತಪ್ಪುತ್ತಿರಲಿಲ್ಲ. ಚಿತ್ರದಲ್ಲಿ ಏನೇನಿದೆ ಎಂದು ನಾನು ಹೇಳಬೇಕು, ಅವರು ಮಣಿ ಹಿಡಿದು ತೋರಿಸಬೇಕು. ಕಿಟಕಿಯ ಹತ್ತಿರ ಹೋಗಿ ಆಂಟಿ, ಆ ಲೈಟಿನಲ್ಲಿ ಎಲ್ಲ ಹಳದಿ ಕಾಣುತ್ತೆ ಅಂದರೆ ಎದ್ದು ಹೋಗುವರು. ನಾನು ಮೆಂತ್ಯ ಎಂದ ಬಣ್ಣ ಅವರ ಒಳಗೆ ಮೆಂತ್ಯವೇ ಆಗಿ ಏಳುತ್ತಿತ್ತು. ಅದರ ಪಕ್ಕ ಏನಿರಬೇಕೆಂದು ಆಮೇಲೆ ಅವರೇ ಹೇಳುವರು, ಮತ್ತು ಅದು ನನಗೆ ಜನ್ಮದಲ್ಲಿ ಹೊಳೆಯುವಂಥದ್ದಲ್ಲ. ಕದಿಯುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ ಎಂದು ಆಗ ತಿಳಿಯಿತು.

ಹಾಗೆಂದು ನನ್ನನ್ನು ನಂಬಿದರು ಅಂದುಕೊಳ್ಳಬೇಡಿ. ನನ್ನ ಕಾಲ್ ಮುಗಿದ ಕೂಡಲೇ ಡಲ್ಲಾಸಿನ ಗೆಳತಿಗೆ ಫೋನ್ ಹೋಗುತ್ತಿತ್ತು, ಅದೇ ಮಣಿ, ಅದೇ ಪ್ರಶ್ನೆ. ಅವಳಿಗೆ ವಿಷಯ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಒಮ್ಮೆ ಸಿಟ್ಟು ಬಂದು ಕೇಳಿಯೇ ಬಿಟ್ಟೆ, ನನ್ನ ಮೇಲೆ ನಂಬಿಕೆ ಇಲ್ಲವಾ ಎಂದು.

"ಇಲ್ಲ" ಅಂದರು. "ನನ್ನ ಜಾಗಾದಾಗ ನೀ ಇದ್ರ ಇಡ್ತಿದ್ದೇನು?"

ಇಡುತ್ತಿರಲಿಲ್ಲ.

ಕಳೆದ ವರ್ಷ ಮಗಳು ಬಂದವಳು ತಾಯಿಯನ್ನು ಹಟ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎಲ್ಲ ಹೊರಗೆ ಬಂತು. ಅವಳು ಗಾಬರಿಯಿಂದ ಡಲ್ಲಾಸಿನಲ್ಲೇ ಇದ್ದ ನನ್ನ ಗೆಳತಿಗೆ ಹೇಳಿದಳು, ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಗುಂಪಿಗೆಲ್ಲ ಹೇಳಿದಳು. ಆ ಶನಿವಾರ ನಾನು ಜಾರ್ಜ್‌ಟೌನಿನಿಂದ ಡ್ರೈವ್ ಮಾಡಿಕೊಂಡು ಹೋದೆ. ಗರಾಜಿನ ಬಾಗಿಲಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಕಾಯಿಲೆಯವರನ್ನು ನೋಡಲು ಬಂದ ಹಾಗೆ.

ಆಂಟಿಯ ಸರದ ಸರದಿ ಬಂತು. ಸಂಜೆಯ ಸಮುದ್ರದ ಚಿತ್ರಕ್ಕೆ ಮಾಡಿದ್ದು, ಕನಕಾಂಬರದಿಂದ ಶುರುವಾಗಿ ಬೂದಿಯವರೆಗೆ ಇಳಿಯುವ ಬಣ್ಣಗಳು.

"ತುಂಬಾ ಚೆನ್ನಾಗಿದೆ ಆಂಟಿ. ತಪ್ಪೇನೂ ಕಾಣಲಿಲ್ಲ."

"ನಂಗೂ ಅಷ್ಟೇ ಆಂಟಿ. ಪರ್ಫೆಕ್ಟ್."

ಒಬ್ಬರಾದ ಮೇಲೆ ಒಬ್ಬರು. ಡಲ್ಲಾಸಿನ ಗೆಳತಿಯೂ ಅದನ್ನೇ ಹೇಳಿದಳು. ಆಂಟಿ ಒಬ್ಬೊಬ್ಬರ ಮುಖ ನೋಡಿದರು, ಆಮೇಲೆ ಪಕ್ಕದಲ್ಲೇ ಕೂತಿದ್ದ ಮಗಳ ಮುಖ. ಅವರಿಗೆ ತಿಳಿದುಹೋಯಿತು. ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆ ಕೈ ಮತ್ತೆ ಮಣಿಗೆ ಹೋಗುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ನಾನು ಸರವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದೆ. ಸುಮ್ಮನೆ ಒಂದು ತಪ್ಪು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ನಿಜವಾದದ್ದೇ ಬೇಕಿತ್ತು. ಹುಡುಕಿದೆ, ಸಿಕ್ಕಿತು.

"ಎಡಗಡೆ ಇಳಿಯೋ ಜಾಗದಲ್ಲಿ ಬೂದಿ ಬಣ್ಣ ಬೇಗ ಬಂದ್ಬಿಟ್ಟಿದೆ ಆಂಟಿ. ಬಲಗಡೆ ಹಾಗಿಲ್ಲ. ಒಂದು ಕಡೆ ಸೂರ್ಯ ಮುಳುಗಿದಾನೆ, ಇನ್ನೊಂದು ಕಡೆ ಇನ್ನೂ ಇದಾನೆ. ಪೂರ್ತಿ ಬಿಚ್ಚಬೇಕು."

"ಹೌ ಕ್ಯಾನ್ ಯು ಸೇ ದಟ್ ಟು ಹರ್?" ಅಂದಳು ಮಗಳು. ಉಳಿದವರು ನನ್ನನ್ನು ನೋಡಿದ ನೋಟದ ಬಗ್ಗೆ ಹೇಳುವುದು ಬೇಡ.

"ಖರೇನ?" ಅಂದರು ಆಂಟಿ.

"ಖರೇ."

ಸರವನ್ನು ಇಸಿದುಕೊಂಡು ಗಂಟಿನ ಹತ್ತಿರ ದಾರವನ್ನು ಹಲ್ಲಿನ ಕಚ್ಚಿಗೆ ಕೊಟ್ಟು ಕತ್ತರಿಸಿದರು. ಮಣಿಗಳೆಲ್ಲ ಟವೆಲ್ಲಿನ ಮೇಲೆ ಹರಿದವು. ಆಮೇಲೆ, "ಈ ಹುಡುಗಿಗೆ ಒಬ್ಬಾಕಿಗೆ ಚಹಾ ಕೊಡ್ರಿ" ಅಂದರು.

ಮರುದಿನ ಫೋನ್ ಮಾಡಿದರು. ರಾತ್ರಿಯೇ ಡಲ್ಲಾಸಿನ ಗೆಳತಿಯನ್ನು ಕೇಳಿದ್ದರಂತೆ, ತಪ್ಪು ಇರಲೇ ಇಲ್ಲ ಎಂದಳಂತೆ.

"ಇಬ್ಬರಾಗ ಒಬ್ಬಾಕಿ ಸುಳ್ಳು ಹೇಳ್ಲಿಕ್ಕತ್ತಾಳ. ನೀ ಅಲ್ಲ."

"ಹೇಗೆ ಗೊತ್ತು ಆಂಟಿ?"

"ನೀ ಒಮ್ಮೆ ಸುಳ್ಳು ಹೇಳಿ ನನ್ನ ಕೈಯಾಗ ಸಿಕ್ಕಿಬಿದ್ದಾಕಿ. ಎರಡನೇ ಸಲ ಸಿಗಾಕಿ ಅಲ್ಲ."

ಅದೇ ಮಣಿಗಳನ್ನು ಮತ್ತೆ ಪೋಣಿಸಿದರು. ತಿಂಗಳೇ ಹಿಡಿಯಿತು. ಆಗಲೂ ನನ್ನ ಕಾಲ್ ಆದ ಮೇಲೆ ಡಲ್ಲಾಸಿಗೆ ಫೋನ್ ಹೋಗುವುದು ನಿಲ್ಲಲಿಲ್ಲ. ಒಂದು ಭಾನುವಾರ ಕಿಟಕಿಯ ಹತ್ತಿರ ನಿಂತು ಪೂರ್ತಿ ಸರವನ್ನು ಫೋನಿನ ಮುಂದೆ ನಿಧಾನವಾಗಿ ಸರಿಸಿ ತೋರಿಸಿದರು. ಒಮ್ಮೆ ನೋಡಿದೆ. ಮತ್ತೆ ಸರಿಸಿ ಅಂದು ಇನ್ನೊಮ್ಮೆ ನೋಡಿದೆ. ಬೇಕೆಂದೇ ಹುಡುಕಿದೆ.

"ತಪ್ಪಿಲ್ಲ ಆಂಟಿ" ಅಂದೆ.

ನಾಲಿಗೆ ಕಚ್ಚಿನ ಮೇಲೆ ಬಂತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ "ಆತು" ಎಂದಷ್ಟೇ ಅಂದು ಫೋನ್ ಇಟ್ಟರು. ನನಗೆ ಸಮಾಧಾನವಾಗಲಿಲ್ಲ. ಸಂಜೆ ನಾನೇ ಡಲ್ಲಾಸಿಗೆ ಫೋನ್ ಮಾಡಿ, ಆಂಟಿ ಸರ ತೋರಿಸಿದರಾ ಎಂದು ವಿಚಾರಿಸಿದೆ.

"ಇಲ್ಲ ಕಣೆ, ಆಂಟಿ ಇವತ್ತು ಫೋನ್ ಮಾಡ್ಲಿಲ್ಲ" ಅಂದಳು ಗೆಳತಿ. "ಯಾಕೆ, ಹುಷಾರಿಲ್ವಾ?"

ನನ್ನನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ, ನನ್ನ ಗಂಡನೂ ಸೇರಿ. ಆ ಋಣ ತೀರುವಂಥದ್ದಲ್ಲ.

ಈ ಚಳಿಗಾಲದಲ್ಲಿ ಆಂಟಿ ಹೋದರು. ಮಲಗಿದಲ್ಲೇ ಹೃದಯ ನಿಂತಿತ್ತು. ಕೊನೆಯ ದರ್ಶನದ ದಿನ ಮಗಳು ಅವರಿಗೆ ಇಳಕಲ್ ಸೀರೆ ಉಡಿಸಿ, ಅದೇ ಸಮುದ್ರದ ಸರ ಹಾಕಿದ್ದಳು. ಗುಂಪಿನವರೆಲ್ಲ ಹತ್ತಿರ ಹೋಗಿ, ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಎಂದು ಅತ್ತರು. ನಾನು ಎಲ್ಲರೂ ಸರಿಯುವವರೆಗೆ ಕಾದೆ. ಆಮೇಲೆ ಬಗ್ಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೊಂದೇ ಮಣಿಯನ್ನು ನೋಡಿಕೊಂಡು ಬಂದೆ. ತಪ್ಪಿರಲಿಲ್ಲ.